ಸೆಟ್ಟಪ್ಪ ವ್ಯಕ್ತಿ ನೋಡಿ ಓಟು ಹಾಕಿದ್ದು

ಸೆಟ್ಟಪ್ಪನಿಗೆ ಆ ಹೆಸರನ್ನು ಇಟ್ಟವರು ಹೆತ್ತವರಲ್ಲ, ಊರಿನ ಬೊಚ್ಚುಬಾಯಿಗಳು. ಎದುರು ಕಟ್ಟಡದ ಡಾಕ್ಟರು ಕಿತ್ತು ಖಾಲಿ ಮಾಡಿ ಕಳಿಸಿದ ಬಾಯಿಗೆ ಹಲ್ಲುಸೆಟ್ಟು ಮಾಡಿ ಕೂರಿಸುವುದು ಅವನ ಇಪ್ಪತ್ತಾರು ವರ್ಷದ ಕಸುಬು. ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯಲ್ಲಿ ಒಂದು ಒರಗು ಕುರ್ಚಿ, ಮೇಣ ಕರಗಿಸುವ ದೀಪ, ಗೋಡೆಯ ಉದ್ದಕ್ಕೂ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಗಿರಾಕಿಗಳ ಬಾಯಿಯ ಬಿಳಿ ಅಚ್ಚುಗಳು. ಊರಿನ ದೊಡ್ಡವರೆಲ್ಲ ಹೀಗೆ ಬಾಯಿ ತೆರೆದು, ಆದರೆ ಸದ್ದಿಲ್ಲದೆ ಕೂತಿರುವ ಜಾಗ ಊರಿಗೆಲ್ಲ ಅದೊಂದೇ.

ಸೆಟ್ಟಪ್ಪನಿಗೆ ಒಂದು ಸಿದ್ಧಾಂತವಿತ್ತು. "ನಾನು ಪಕ್ಷ ನೋಡಲ್ಲ ಸಾರ್, ವ್ಯಕ್ತಿ ನೋಡ್ತೀನಿ." ಇದನ್ನು ಅವನು ಗಿರಾಕಿಯ ಬಾಯಿಗೆ ಅಚ್ಚಿನ ಹಿಟ್ಟು ತುಂಬಿ, ಅದು ಗಟ್ಟಿಯಾಗುವ ತನಕದ ನಾಲ್ಕು ನಿಮಿಷದಲ್ಲಿ ವಿವರಿಸುತ್ತಿದ್ದ. ಆ ನಾಲ್ಕು ನಿಮಿಷದಲ್ಲಿ ಇಪ್ಪತ್ತಾರು ವರ್ಷಗಳಿಂದ ಯಾರೂ ಅವನಿಗೆ ಎದುರು ಮಾತಾಡಿರಲಿಲ್ಲ. ಹಾಗಾಗಿ ತನ್ನ ಸಿದ್ಧಾಂತವನ್ನು ಊರೇ ಒಪ್ಪಿದೆ ಎಂದು ಅವನು ನಂಬಿದ್ದ.

ಒಪ್ಪದವರು ಮನೆಯಲ್ಲೇ ಇದ್ದರು. ಹೆಂಡತಿ ಹುಟ್ಟಿದಾಗಿನಿಂದ ನೇರಳೆ ಪಕ್ಷ. ಅವಳ ತಂದೆಯೂ ನೇರಳೆ. ಅವಳ ತಮ್ಮ, ಹಿಂದಿನ ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ತಂದೆಯ ಮೇಲಿನ ಸಿಟ್ಟಿಗೆ ಹಳದಿ ಪಕ್ಷ ಸೇರಿದವನು ಅಲ್ಲೇ ಬೇರು ಬಿಟ್ಟಿದ್ದ. ಅಕ್ಕ ತಮ್ಮ ಊಟಕ್ಕೆ ಕೂತರೆ ನೇರಳೆಯವರು ಕದ್ದದ್ದು ಎಷ್ಟು, ಹಳದಿಯವರು ನುಂಗಿದ್ದು ಎಷ್ಟು ಎಂಬ ಚರ್ಚೆಯಲ್ಲಿ ಅನ್ನ ಆರಿಹೋಗುತ್ತಿತ್ತು. ತಮ್ಮವರು ಕದ್ದಿಲ್ಲ ಎಂದು ಮಾತ್ರ ಇಬ್ಬರೂ ಯಾವತ್ತೂ ಹೇಳುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ಆ ಸಲದ ನಗರಸಭೆ ಚುನಾವಣೆಗೆ ಅವರ ವಾರ್ಡಿನಲ್ಲಿ ಹಳದಿ ಪಕ್ಷದಿಂದ ಕಬ್ಬಿಣದ ಅಂಗಡಿಯ ಸಾಹುಕಾರ, ನೇರಳೆ ಪಕ್ಷದಿಂದ ಏಳು ಲಾರಿಗಳ ಒಡತಿ ನಿಂತರು. ಇಬ್ಬರ ಪೋಸ್ಟರುಗಳೂ ಎದುರುಬದುರು ಗೋಡೆಯ ಮೇಲೆ ಹಲ್ಲು ಕಿರಿಯುತ್ತಿದ್ದವು. ಎರಡೂ ಸೆಟ್ಟು ಸೆಟ್ಟಪ್ಪನ ಕೈಯವೇ. "ನಗು ನಂದು, ಅದರ ಹಿಂದಿರೋದು ಅವರದ್ದು" ಎಂದು ಅವನು ಹೆಂಡತಿಗೆ ಹೇಳಿದ. "ಇಬ್ಬರ ಬಾಯೊಳಗೂ ಇಣುಕಿ ನೋಡಿದವನು ನಾನು. ಇಬ್ಬರಿಗೂ ಹಾಕಲ್ಲ."

"ಮತ್ಯಾರಿಗೆ ಹಾಕ್ತೀರಿ, ನಿಮ್ಮ ಗೋಡೆ ಮೇಲಿರೋ ಬಿಳಿ ಅಚ್ಚಿಗಾ?" ಎಂದಳು ಹೆಂಡತಿ.

ಅವನ ಮನಸ್ಸಿನಲ್ಲಿ ಇದ್ದವರು ಟೇಪು ಸಾಹೇಬರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು, ಅದೇ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಜೇಬಿನಲ್ಲಿ ಯಾವಾಗಲೂ ಒಂದು ಉಕ್ಕಿನ ಟೇಪು ಇರುತ್ತಿದ್ದುದರಿಂದ ಆ ಹೆಸರು. ನೌಕರಿಯಲ್ಲಿದ್ದಷ್ಟು ದಿನ ಯಾವ ಅಂಗಡಿಯಲ್ಲೂ ಒಂದು ಲೋಟ ನೀರು ಸಹ ಕುಡಿದವರಲ್ಲ. ಬಾಯಾರಿದರೆ ಮನೆಗೆ ಹೋಗಿ ಬರುತ್ತಿದ್ದರು. ಅವರಿಗೆ ಸೆಟ್ಟು ಕೂರಿಸಿದ ದಿನ, ಊರಿನ ಬೇರೆಲ್ಲರೂ "ಬೊಂಬಾಟಾಗಿದೆ" ಅನ್ನುವ ಕಡೆ, ಅವರು ಕಚ್ಚಿ ನೋಡಿ, "ಎಡಗಡೆ ಎರಡನೇ ದವಡೆ ಹಲ್ಲು ಒಂದು ಕೂದಲೆಳೆ ಎತ್ತರ" ಎಂದಿದ್ದರು. ಸೆಟ್ಟಪ್ಪ ಸಿಟ್ಟಿನಿಂದ ಪರೀಕ್ಷಿಸಿದ. ಕೂದಲೆಳೆಯಷ್ಟೇ ಎತ್ತರವಿತ್ತು. ಅವತ್ತಿನಿಂದ ಅವರು ಸೆಟ್ಟಪ್ಪನ ಪಾಲಿಗೆ 'ವ್ಯಕ್ತಿ' ಆಗಿಬಿಟ್ಟರು.

ಮೂರು ದಿನ ಅವರ ಮನೆ ಬಾಗಿಲು ಸವೆಸಿ ಅವನು ಅವರನ್ನು ಒಪ್ಪಿಸಿದ. ಪಕ್ಷೇತರ ಅಭ್ಯರ್ಥಿ, ಗುರುತು ಬಕೆಟ್ಟು. ಪ್ರಚಾರಕ್ಕೆ ಸೆಟ್ಟಪ್ಪ ಮುಂದೆ, ಅವರು ಹಿಂದೆ. ಆ ಬೀದಿಯ ಚರಂಡಿ ಒಡೆದು ಎರಡು ವರ್ಷವಾಗಿತ್ತು. ಅಂಗಡಿಯಲ್ಲಿ ಬಾಯಿ ತೆರೆಯಬೇಕಾದವರು ಮೂಗು ಮುಚ್ಚಿಕೊಂಡು ಕೂರುತ್ತಿದ್ದರು. ಹಾಗಾಗಿ ಎಲ್ಲರ ಪ್ರಶ್ನೆಯೂ ಅದೊಂದೇ: ಗೆದ್ದರೆ ಚರಂಡಿ ಮಾಡಿಸ್ತೀರಾ?

"ಹೇಳೋಕಾಗಲ್ಲ" ಎನ್ನುತ್ತಿದ್ದರು ಸಾಹೇಬರು. "ಇಪ್ಪತ್ತೊಂದು ಸದಸ್ಯರಲ್ಲಿ ನಾನೊಬ್ಬ ಆಗ್ತೀನಿ. ಇಪ್ಪತ್ತೊಂದರಲ್ಲಿ ಒಂದು ಪಾಲಿನಷ್ಟು ಪ್ರಯತ್ನ ಮಾಡ್ತೀನಿ."

ಸೆಟ್ಟಪ್ಪ ತಲೆ ಚಚ್ಚಿಕೊಂಡ. ಆದರೆ ಜನ ಇಂಥ ಮಾತನ್ನು ಹಿಂದೆಂದೂ ಕೇಳಿರಲಿಲ್ಲವಾದ್ದರಿಂದ ಇದು ಯಾವುದೋ ಹೊಸ ಬಗೆಯ ಭರವಸೆ ಇರಬೇಕೆಂದು ತಿಳಿದರು. ಹಳದಿಯವರಿಗೂ ನೇರಳೆಯವರಿಗೂ ಓಟು ಸಮಸಮವಾಗಿ ಹರಿದು, ನಡುವೆ ನುಸುಳಿದ ಬಕೆಟ್ಟು ನಲವತ್ತೇಳು ಓಟಿನಿಂದ ಗೆದ್ದಿತು. ಸೆಟ್ಟಪ್ಪ ಬೀದಿಗೆಲ್ಲ ಸಿಹಿ ಹಂಚಿದ. ಭಾವಮೈದುನ ಬಂದು ಎರಡು ತಿಂದು, "ಭಾವ, ಒಂದು ಬಕೆಟ್ಟಲ್ಲಿ ಎಷ್ಟು ನೀರು ಹಿಡಿಯುತ್ತೆ ನೋಡೋಣ" ಎಂದು ಹೇಳಿ ಹೋದ.

ಫಲಿತಾಂಶ ಪೂರ್ತಿ ಬಂದ ಮೇಲೆ ಸೆಟ್ಟಪ್ಪನ ಎದೆ ಇನ್ನೂ ಎರಡಿಂಚು ಉಬ್ಬಿತು. ಹಳದಿಯವರು ಹತ್ತು, ನೇರಳೆಯವರು ಹತ್ತು. ನಡುವೆ ಟೇಪು ಸಾಹೇಬರು. "ನೋಡಿದ್ಯೇನೇ? ಇಡೀ ಊರು ಈಗ ನಾನು ಆರಿಸಿದ ವ್ಯಕ್ತಿಯ ಬೆರಳ ತುದಿಯಲ್ಲಿದೆ" ಎಂದು ಹೆಂಡತಿಗೆ ಹೇಳಿದ.

ಎರಡೂ ಪಕ್ಷದವರು ಸಾಹೇಬರ ಮನೆಗೆ ಹೂಮಾಲೆ ಹಿಡಿದು ಬಂದರು. ಸಾಹೇಬರು ಎರಡೂ ಮಾಲೆಯ ಉದ್ದ ಹೋಲಿಸಿ ನೋಡಿ, ಸಮವಾಗಿವೆ ಎಂದು ಎರಡನ್ನೂ ವಾಪಸು ಕೊಟ್ಟರು. ಅಧ್ಯಕ್ಷರ ಆಯ್ಕೆಯಲ್ಲಿ ಇಬ್ಬರಿಗೂ ಕೈ ಎತ್ತಲಿಲ್ಲ. ಇಬ್ಬರೂ ಯೋಗ್ಯರಲ್ಲ ಎಂದು ಅವರ ಅಭಿಪ್ರಾಯ. ಕೊನೆಗೆ ಚೀಟಿ ಎತ್ತಿ ಹಳದಿಯವನೊಬ್ಬ ಅಧ್ಯಕ್ಷನಾದ. ಮರುದಿನದಿಂದ ಹಳದಿಯವರು ತಂದ ಪ್ರತಿಯೊಂದನ್ನೂ ನೇರಳೆಯವರು ವಿರೋಧಿಸುವುದು, ಎಲ್ಲರೂ ಸಾಹೇಬರ ಮುಖ ನೋಡುವುದು ಶುರುವಾಯಿತು.

ಮೊದಲ ಸಭೆಯಲ್ಲೇ ಸಾಹೇಬರ ಬೀದಿಯೂ ಸೇರಿ ಊರಿಗೆಲ್ಲ ಹೊಸ ಚರಂಡಿಯ ವಿಷಯ ಬಂತು. ಕಾಗದದಲ್ಲಿ 'ಅಂದಾಜು ಹನ್ನೆರಡು ಇಂಚಿನ ಪೈಪು' ಎಂದಿತ್ತು. ಸಾಹೇಬರು ಆ 'ಅಂದಾಜು' ಪದಕ್ಕೆ ಗೀಟು ಹಾಕಿ, ಎದ್ದು ನಿಂತು "ಇಲ್ಲ" ಎಂದು ಹೇಳಿ ಕೂತರು. ಪ್ರಸ್ತಾವ ಬಿದ್ದುಹೋಯಿತು. ಎರಡನೇ ಸಲ 'ಅಂದಾಜು' ಎಂಬುದನ್ನು ಹೊಡೆದು ತಂದರು. ಆದರೆ ಸಾಹೇಬರ ಬೀದಿಯ ಉದ್ದ ಮುನ್ನೂರ ನಲವತ್ತು ಮೀಟರ್ ಎಂದಿತ್ತು. ಸಾಹೇಬರು ತಾವೇ ಅಳೆದಾಗ ಮುನ್ನೂರ ಹನ್ನೆರಡು ಬಂದಿತ್ತು. ಮತ್ತೆ ಗೀಟು, ಮತ್ತೆ "ಇಲ್ಲ." ಮೂರನೇ ಸಲ ಕಾಗದ ಕನ್ನಡಿಯ ಹಾಗಿತ್ತು, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಆಗಲೂ ಸಾಹೇಬರು "ಇಲ್ಲ" ಎಂದರು. ಯಾಕೆ ಎಂದು ಅಧ್ಯಕ್ಷ ಕೇಳಿದ್ದಕ್ಕೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರಷ್ಟೆ.

"ಎಂಥಾ ಜಂಬ!" ಎಂದಿತು ಊರು.

ಚರಂಡಿಯ ನೀರು ಈಗ ಸೆಟ್ಟಪ್ಪನ ಅಂಗಡಿಯ ಮೆಟ್ಟಿಲು ಹತ್ತಿತ್ತು. ಗಿರಾಕಿಗಳು ಹಲ್ಲಿಲ್ಲದಿದ್ದರೂ ಪರವಾಗಿಲ್ಲ ಎಂಬ ನಿರ್ಧಾರಕ್ಕೆ ಬರತೊಡಗಿದ್ದರು. ಹೆಂಡತಿ ಮಹಡಿಯ ಕಿಟಕಿಗಳನ್ನೆಲ್ಲ ಮುಚ್ಚಿ, "ವ್ಯಕ್ತಿ ನೋಡಿ ಹಾಕಿದ್ರಲ್ಲ, ಈಗ ಕಣ್ತುಂಬ ನೋಡಿ. ಮೂಗು ಮಾತ್ರ ಮುಚ್ಕೊಳ್ಳಿ" ಎಂದಳು. "ನಮ್ಮ ಲಾರಿಯಮ್ಮ ಗೆದ್ದಿದ್ರೆ ಇಷ್ಟೊತ್ತಿಗೆ ಚರಂಡಿನೂ ಆಗಿರ್ತಿತ್ತು, ಅವಳಿಗೆ ಎಂಟನೇ ಲಾರಿನೂ ಬಂದಿರ್ತಿತ್ತು. ಯಾರಿಗೇನು ನಷ್ಟ?"

ಸೆಟ್ಟಪ್ಪ ಸಿದ್ಧಾಂತ ಬದಿಗಿಟ್ಟು, ಪೊರಕೆ ಹಿಡಿದು ಮೆಟ್ಟಿಲ ನೀರು ತಳ್ಳಲು ಇಳಿದುಹೋದ. ಅವಳ ಬಾಯಲ್ಲಿ ಹಿಟ್ಟಿರಲಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಅವನು ಸಾಹೇಬರ ಮನೆಗೆ ಹೋದ. ಮೇಜು, ಕುರ್ಚಿ, ಮಂಚದ ಮೇಲೆಲ್ಲ ನಗರಸಭೆಯ ಕಡತಗಳು. ಸಾಹೇಬರು ನೆಲದ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಇವನನ್ನು ಕಂಡು ಗಾಬರಿಯಾಗಿ ಕಡತದ ಹಿಂದಿದ್ದ ಬಟ್ಟಲಿಗೆ ಕೈ ಹಾಕಿ, ಸೆಟ್ಟು ತೆಗೆದು ಬಾಯಿಗೆ ಇಟ್ಟುಕೊಂಡರು.

ಸೆಟ್ಟಪ್ಪ ಬರುವಾಗ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಚ್ಚಿದ. "ಸಾರ್, ನಿಮ್ಮ ಕಾಲು ಹಿಡ್ಕೊತೀನಿ. ಒಂದೇ ಒಂದು ಸಲ 'ಹೌದು' ಅಂದುಬಿಡಿ. ಅಳತೆ ಗಿಳತೆ ಆಮೇಲೆ ನೋಡ್ಕೊಳ್ಳೋಣ. ನನಗೋಸ್ಕರ."

"ನಿಮಗೋಶ್ಕರ?" ಎಂದರು ಸಾಹೇಬರು. ಸೆಟ್ಟು ಜಾರಿ ಮುಂದೆ ಬಂತು. ಹೆಬ್ಬೆರಳಿನಿಂದ ಒಳಗೆ ತಳ್ಳಿದರು. "ಯಾರ ಮುಲಾಜಿಗೂ ಬೀಳದವನು ಅಂತ ನನ್ನ ನಿಲ್ಲಿಶಿದ್ದು ನೀವು. ಮೊದಲನೇ ಮುಲಾಜು ನಿಮ್ಮದೇನಾ?"

ಸೆಟ್ಟಪ್ಪ ನಾಚಿಕೆಯಿಂದ ಕುಗ್ಗಬೇಕಾಗಿತ್ತು. ಆದರೆ ಅವನ ಕಿವಿ ಬೇರೆಯೇ ಕೇಳಿಸಿಕೊಂಡಿತ್ತು. "ಸಾರ್, ಬಾಯಿ ತೆಗೀರಿ" ಎಂದ. ಸಾಹೇಬರು ಬೇಡವೆಂದರೂ ಕಿಟಕಿಯ ಬೆಳಕಿಗೆ ಎಳೆದು ತಂದು ನೋಡಿದ. ವಸಡು ಕರಗಿ ಇಳಿದುಹೋಗಿತ್ತು. ಸೆಟ್ಟು ಸಡಿಲ ಚಪ್ಪಲಿಯ ಹಾಗೆ ಓಡಾಡುತ್ತಿತ್ತು. ಎಡಗಡೆ ಹುಣ್ಣಾಗಿತ್ತು.

"ಎಷ್ಟು ತಿಂಗಳಿಂದ ಹೀಗಿದೆ?"

"ಗೆದ್ದಾಗಿನಿಂದ."

"ಅದಕ್ಕೇನಾ ಸಭೆಯಲ್ಲಿ ಕಾರಣ ಹೇಳದೆ ಬರೀ 'ಇಲ್ಲ' ಅಂತಿದ್ದಿದ್ದು?"

ಸಾಹೇಬರು ತಲೆ ತಗ್ಗಿಸಿದರು. "ಎರಡನೇ ವಾಕ್ಯಕ್ಕೆ ಕೈಗೇ ಬಂದ್ಬಿಡುತ್ತೆ. ಎಲ್ಲರ ಮುಂದೆ... ಹೇಗೆ?"

"ನನ್ನ ಹತ್ರ ಬರೋಕೇನಾಗಿತ್ತು ಸಾರ್?"

"ಬಂದ್ರೆ ಸದಶ್ಯ ಅಂತ ನೀವು ಬಿಟ್ಟಿ ಮಾಡಿಕೊಡ್ತೀರಿ. ಅದು ಲಂಚ. ಬೇರೆಯವರ ಹತ್ರ ಹೋದ್ರೆ ನಿಮಗೆ ಅವಮಾನ. ಎರಡೂ ಬೇಡ ಅಂತ..." ಎಂದು ಅವರು ಗಂಜಿಯ ಬಟ್ಟಲು ತೋರಿಸಿದರು.

ಏಳು ತಿಂಗಳಿಂದ ಒಂದು ಊರು ಈ ಮನುಷ್ಯನ ಒಂದು ಶಬ್ದದ ಮೇಲೆ ನಿಂತಿತ್ತು. ಆ ಮನುಷ್ಯ ಗಂಜಿಯ ಮೇಲೆ ನಿಂತಿದ್ದ. ಸೆಟ್ಟಪ್ಪನಿಗೆ ಅಳು ಬಂತೋ ನಗು ಬಂತೋ, ಅವನಿಗೇ ತಿಳಿಯಲಿಲ್ಲ. ಅವರನ್ನು ರಟ್ಟೆ ಹಿಡಿದು ಅಂಗಡಿಗೆ ಕರೆದುಕೊಂಡು ಹೋದ. ಕೆಲಸ ಮುಗಿದ ಮೇಲೆ ಪೂರ್ತಿ ಮಜೂರಿ ತೆಗೆದುಕೊಂಡು ರಶೀದಿಯನ್ನೂ ಕೊಟ್ಟ. ಸಾಹೇಬರು ಕಚ್ಚಿ ನೋಡಿದರು. ಮೊದಲ ಸಲ ಏನೂ ದೋಷ ಹೇಳಲಿಲ್ಲ.

"ಮೂರನೇ ಸಲ ಕಾಗದ ಸರಿಯಾಗೇ ಇತ್ತಂತಲ್ಲ ಸಾರ್. ಅದಕ್ಕೂ ಯಾಕೆ 'ಇಲ್ಲ' ಅಂದ್ರಿ?" ಎಂದು ಕೇಳಿದ ಸೆಟ್ಟಪ್ಪ.

"ಕಾಗದ ಹನ್ನೆರಡು ಇಂಚು. ನಾನು ಗೋದಾಮಿಗೆ ಹೋಗಿ ಪೈಪು ಅಳೆದೆ. ಒಂಬತ್ತು" ಎಂದರು ಸಾಹೇಬರು. ಪ್ರತಿ ಅಕ್ಷರವೂ ಮಣಿ ಪೋಣಿಸಿದ ಹಾಗೆ ಬಂತು.

ಮುಂದಿನ ಸಭೆಗೆ ಸೆಟ್ಟಪ್ಪ ಅಂಗಡಿ ಮುಚ್ಚಿ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂತ. ಟೇಪು ಸಾಹೇಬರು ಎದ್ದು ನಲವತ್ತು ನಿಮಿಷ ಮಾತಾಡಿದರು. ಶ, ಷ, ಸ ಮೂರೂ ಬೇರೆಬೇರೆಯಾಗಿ, ಕೊನೆಯ ಸಾಲಿನ ತನಕ ಕೇಳಿಸಿದವು. ಆ ಸಭಾಂಗಣದಲ್ಲಿ ಅದು ಹಿಂದೆ ಎಂದೂ ಆಗಿರಲಿಲ್ಲ. ಬಿಲ್ಲು ಹನ್ನೆರಡು ಇಂಚಿಗೆ, ನೆಲಕ್ಕೆ ಇಳಿಯುವುದು ಒಂಬತ್ತು ಇಂಚು. ಮೂರಿಂಚು ಯಾವ ಗೋದಾಮಿನಿಂದ ಮಾಯವಾಗುತ್ತದೆ, ಯಾವ ವಾರ್ಡಿನಲ್ಲಿ ಎಷ್ಟು ಮೀಟರ್, ಯಾರ ಸಹಿಯಿಂದ, ಎಲ್ಲವನ್ನೂ ಮಕ್ಕಳಿಗೆ ಮಗ್ಗಿ ಹೇಳಿಕೊಡುವಷ್ಟು ತಾಳ್ಮೆಯಿಂದ ವಿವರಿಸಿದರು. ಹಳದಿಯವರು ನೆಲ ನೋಡುತ್ತಿದ್ದರು. ನೇರಳೆಯವರು ಬರೆದುಕೊಳ್ಳುತ್ತಿದ್ದರು.

ಬರೆದುಕೊಳ್ಳುತ್ತಿರುವುದನ್ನು ನೋಡಿ ಸೆಟ್ಟಪ್ಪ ಹಿರಿಹಿರಿ ಹಿಗ್ಗಿದ. ಇವತ್ತು ಹಳದಿಯವರ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡ.

ಅಧ್ಯಕ್ಷ ಹತ್ತು ನಿಮಿಷ ಚಹಾಕ್ಕೆ ಬಿಡುವು ಕೊಟ್ಟ. ಹತ್ತು ನಿಮಿಷ ಒಂದು ಗಂಟೆಯಾಯಿತು. ಬಾಗಿಲಿನ ಆಚೆಯಿಂದ ಮೊದಲು ಜೋರು ಮಾತು, ಆಮೇಲೆ ಪಿಸುಮಾತು, ಕೊನೆಗೆ ನಗು ಕೇಳಿಸಿತು. ಒಳಗೆ ಬಂದಾಗ ಹಳದಿಯವರ ಹೆಗಲ ಮೇಲೆ ನೇರಳೆಯವರ ಕೈಯಿತ್ತು. ಆಗಿದ್ದೇನೆಂದರೆ, ಆ ಮೂರಿಂಚು ಎಲ್ಲಿಗೆ ಹೋಗುತ್ತದೆಂಬುದು ಅಲ್ಲಿಯವರೆಗೆ ಹಳದಿಯವರಿಗೆ ಮಾತ್ರ ಗೊತ್ತಿತ್ತು. ನೇರಳೆಯವರಿಗೆ ಗುಮಾನಿ ಇತ್ತೇ ಹೊರತು ವಿವರ ಗೊತ್ತಿರಲಿಲ್ಲ. ಸಾಹೇಬರು ನಲವತ್ತು ನಿಮಿಷದಲ್ಲಿ ಆ ಕೊರತೆಯನ್ನು ತುಂಬಿಕೊಟ್ಟಿದ್ದರು. ಒಂದೂವರೆ ಇಂಚು ಅವರಿಗೆ, ಒಂದೂವರೆ ಇಂಚು ಇವರಿಗೆ.

ಇಪ್ಪತ್ತು ಕೈ ಒಟ್ಟಿಗೆ ಮೇಲೆದ್ದವು. ವಿರೋಧ ಒಂದು. ಊರಿನ ಇತಿಹಾಸದಲ್ಲೇ ಮೊದಲ ಸಲ ಎರಡೂ ಪಕ್ಷದವರು ಕೈ ಕುಲುಕಿ ಫೋಟೊ ತೆಗೆಸಿಕೊಂಡರು.

ಆ ಸಂಜೆ ಭಾವಮೈದುನ ಬಂದು ಅಕ್ಕನ ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ಹದಿನೆಂಟು ವರ್ಷ ಕೂಡಿಸಿಟ್ಟ ಬೈಗುಳವೆಲ್ಲ ಒಂದೇ ದಿನದಲ್ಲಿ ದಂಡವಾಗಿತ್ತು. ಅಕ್ಕನೂ ಸಪ್ಪಗಿದ್ದಳು. ಆ ಮನೆಯಲ್ಲಿ ಬಿಸಿಬಿಸಿ ಅನ್ನ ಉಂಡದ್ದು ಆವತ್ತೇ.

ಕೆಲಸ ಶುರುವಾಯಿತು. ಎಲ್ಲ ಬೀದಿಯಲ್ಲೂ ಒಂಬತ್ತು ಇಂಚಿನ ಪೈಪು ನೆಲ ಸೇರಿತು. ಸಾಹೇಬರ ಬೀದಿಯನ್ನು ಅಗೆದ ದಿನ ಸಾಹೇಬರು ಕೊಡೆ ಹಿಡಿದು ಬಂದು ಗುಂಡಿಯ ಪಕ್ಕ ನಿಂತರು. ಗುತ್ತಿಗೆದಾರ ಒಂದು ಪೈಪು ಇಳಿಸಿದರೆ ಇವರು ಬಗ್ಗಿ ಅಳೆದು, ಗಟ್ಟಿಯಾಗಿ "ಒಂಬತ್ತು" ಎನ್ನುವರು. ಇನ್ನೊಂದು ಇಳಿಸಿದರೆ ಮತ್ತೆ "ಒಂಬತ್ತು." ಹಲ್ಲು ಗಟ್ಟಿಯಾಗಿದ್ದರಿಂದ ಆ 'ಒಂಬತ್ತು' ಬೀದಿಯ ಆ ತುದಿಗೆ ಕೇಳುತ್ತಿತ್ತು. ಕೆಲಸದವರು ನಗಲಿಕ್ಕೆ ಶುರು ಮಾಡಿದರು, ಮೂರನೇ ದಿನ ಅವರೂ ಜೊತೆಗೂಡಿ "ಒಂಬತ್ತು!" ಎಂದು ರಾಗ ತೆಗೆದರು. ಬೀದಿಯ ಮಕ್ಕಳೂ ಸೇರಿಕೊಂಡರು. ನಾಲ್ಕನೇ ದಿನ ಗುತ್ತಿಗೆದಾರನಿಗೆ ತಲೆ ಕೆಟ್ಟುಹೋಯಿತು. "ಅಯ್ಯೋ ಮಾರಾಯರೇ, ನಿಮ್ಮ ಬೀದಿಗೆ ಹನ್ನೆರಡೇ ಹಾಕಿ ಸಾಯ್ತೀನಿ. ಮನೆಗೆ ಹೋಗಿ" ಎಂದು ಕೈಮುಗಿದ. ಹಾಕಿದ.

ಮಳೆಗಾಲ ಬಂತು. ಊರಿನ ಎಲ್ಲ ಬೀದಿಯಲ್ಲೂ ಹೊಸ ಚರಂಡಿ ಉಕ್ಕಿ ಹರಿಯಿತು. ಸೆಟ್ಟಪ್ಪನ ಬೀದಿಯಲ್ಲಿ ಮಾತ್ರ ನೀರು ಸದ್ದಿಲ್ಲದೆ ಇಳಿದುಹೋಯಿತು. ಸೆಟ್ಟಪ್ಪ ಅಂಗಡಿಯ ಬಾಗಿಲಲ್ಲಿ ನಿಂತು, ವ್ಯಕ್ತಿ ಎಂದರೆ ಏನೆಂದು ಈಗಲಾದರೂ ಊರಿಗೆ ಗೊತ್ತಾಗುತ್ತದೆ ಎಂದುಕೊಂಡ.

ಗೊತ್ತಾಯಿತು. "ಟೇಪು ಸಾಹೇಬ ತನ್ನ ಬೀದಿಗೆ ಮಾತ್ರ ದಪ್ಪ ಪೈಪು ಹಾಕಿಸಿಕೊಂಡ" ಎಂದು ಊರು ಮಾತಾಡಿತು. "ಇಪ್ಪತ್ತು ಜನ ಎಲ್ಲರಿಗೂ ಒಂದೇ ಸಮ ಹಾಕಿಸಿದ್ರು. ಸ್ವಾರ್ಥ ಅಂದ್ರೆ ಆ ಒಬ್ಬಂದು ನೋಡಿ." ಕಬ್ಬಿಣದ ಸಾಹುಕಾರನೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಒರಗಿಕೊಂಡು, "ನೀವೆಲ್ಲ ಚೆನ್ನಾಗಿ ಮಾಡ್ಕೊಂಡ್ರಿ ಬಿಡಿ ಸೆಟ್ಟಪ್ಪನೋರೇ" ಎಂದ. ಸೆಟ್ಟಪ್ಪ ಅವನ ಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದ. ಅದನ್ನು ಕಿಟಕಿಯಿಂದ ಆಚೆ ಎಸೆಯುವ ಮನಸ್ಸಾಯಿತು. ಆದರೆ ಮಾಡಿದ ಕೆಲಸ ತನ್ನದು. ತಿಕ್ಕಿ ಹೊಳಪು ಬರಿಸಿಯೇ ಕೊಟ್ಟ.

ಮುಂದಿನ ಚುನಾವಣೆ ಬರುವಷ್ಟರಲ್ಲಿ ಎರಡು ಪಕ್ಷಗಳ ಸ್ನೇಹ ಎಷ್ಟು ಗಾಢವಾಗಿತ್ತೆಂದರೆ ಎದುರುಬದುರು ನಿಲ್ಲಲು ಅವರಿಗೆ ಸಂಕೋಚವಾಯಿತು. ಹೀಗಾಗಿ ಆ ವಾರ್ಡಿನಲ್ಲಿ ಎರಡೂ ಪಕ್ಷ ಅಭ್ಯರ್ಥಿ ಹಾಕದೆ, ಕಬ್ಬಿಣದ ಸಾಹುಕಾರನನ್ನು ಪಕ್ಷೇತರನಾಗಿ ನಿಲ್ಲಿಸಿ ಬೆಂಬಲ ಕೊಟ್ಟವು. ಲಾರಿಯ ಒಡತಿಯೇ ತನ್ನ ಲಾರಿಗಳ ಮೇಲೆ ಅವನ ಪ್ರಚಾರ ಮಾಡಿದಳು. ಗೋಡೆ ಗೋಡೆಯ ಮೇಲೂ ಸಾಹುಕಾರನ ಹೊಳೆಯುವ ಹಲ್ಲು, ಅದರ ಕೆಳಗೆ ದಪ್ಪ ಅಕ್ಷರ: 'ಪಕ್ಷ ನೋಡಬೇಡಿ. ವ್ಯಕ್ತಿ ನೋಡಿ.'

ತನ್ನ ಅಂಗಡಿಯ ಗೋಡೆಗೇ ಅದನ್ನು ಅಂಟಿಸಿದ್ದನ್ನು ನೋಡಿ ಸೆಟ್ಟಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. ಮಾತೂ ತನ್ನದು, ಹಲ್ಲೂ ತನ್ನದು. ನಡುವೆ ಬಂದು ಕೂತವನು ಮಾತ್ರ ಬೇರೆ.

"ಹರಿದು ಹಾಕಲಾ?" ಎಂದು ಹೆಂಡತಿ ಕೇಳಿದಳು.

"ಬೇಡ ಕಣೇ. ಏನು ಅಂತ ಹೇಳಿ ಹರಿಯೋದು?"

ಬಕೆಟ್ಟು ಸೋತಿತು. ಸಾವಿರದ ನೂರು ಚಿಲ್ಲರೆ ಓಟು ಸಾಹುಕಾರನಿಗೆ, ಐನೂರ ಹದಿನಾಲ್ಕು ಸಾಹೇಬರಿಗೆ. ಮೆರವಣಿಗೆ ಇದೇ ಬೀದಿಯಲ್ಲಿ ಸಾಗಿತು. ಬೇರೆ ಬೀದಿಗಳಲ್ಲಿ ಕೊಚ್ಚೆ ನಿಂತಿತ್ತು.

ಮರುದಿನ ಬೆಳಿಗ್ಗೆ ಸಾಹೇಬರು ಅಂಗಡಿಗೆ ಬಂದರು. ಸೆಟ್ಟಪ್ಪ ಸಾವಿನ ಮನೆಗೆ ಬಂದವರನ್ನು ಕೂರಿಸುವ ಹಾಗೆ ಕೂರಿಸಿ, ಹೆಂಡತಿಗೆ ಕಾಫಿ ತರಲು ಕೂಗಿದ. ಸಾಹೇಬರ ಕೈಯಲ್ಲಿ ಒಂದು ಚೀಟಿ ಇತ್ತು.

"ಒಂದು ಲೆಕ್ಕ ಬಗೆಹರೀತಿಲ್ಲ" ಎಂದರು. "ನಮ್ಮ ಬೀದಿಯ ಓಟು ಒಂದೂ ಬಿಡದೆ ನನಗೇ ಬಿದ್ದಿದೆ ಅಂತಿಟ್ಕೊಂಡ್ರೂ ಇನ್ನೂರ ಆರು. ಮಿಕ್ಕ ಮುನ್ನೂರ ಎಂಟು ಯಾರದ್ದು? ಅವರ ಬೀದಿಯಲ್ಲೆಲ್ಲ ಒಂಬತ್ತಿಂಚು. ಮನೆಯೊಳಗೆ ಕೊಚ್ಚೆ ನುಗ್ಗಿದೆ. ನನ್ನಿಂದ ಅವರಿಗೆ ಎಳ್ಳಷ್ಟು ಉಪಯೋಗ ಆಗಿಲ್ಲ. ಆದ್ರೂ ಹಾಕಿದ್ದಾರೆ. ಯಾಕೆ?"

ಸೆಟ್ಟಪ್ಪ ಚೀಟಿಯ ಮೇಲೆ ಬಗ್ಗಿ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿದ. ಇಷ್ಟು ವರ್ಷ ಸಿದ್ಧಾಂತ ಹೇಳಿದವನಿಗೆ, ಅದನ್ನು ನಿಜವಾಗಿ ಮಾಡಿದ ಮುನ್ನೂರ ಎಂಟು ಮಂದಿ ಊರಿನಲ್ಲಿ ಇದ್ದಾರೆ ಎಂಬುದು ಗೊತ್ತಿರಲಿಲ್ಲ. ಅವನು ತನ್ನ ಮೆಟ್ಟಿಲ ಮೇಲಿನ ಕೊಚ್ಚೆ ನೋಡಿಕೊಂಡು ಸಾಹೇಬರ ಬಾಗಿಲಿಗೆ ಮುಲಾಜು ಕೇಳಲು ಓಡಿದವನು.

ಕಾಫಿ ತಂದ ಹೆಂಡತಿ ಲೋಟ ಇಟ್ಟು ಹೇಳಿದಳು: "ಮುನ್ನೂರ ಏಳು ಹುಡುಕಿದ್ರೆ ಸಾಕು ಸಾರ್. ಒಂದು ನನ್ನ ತಮ್ಮಂದು. ಅಂಗಡಿಯೊಳಗೆ ಮೊಣಕಾಲುದ್ದ ನೀರು ನಿಂತಿದೆ, ಆದ್ರೂ ಬಕೆಟ್ಟಿಗೇ ಒತ್ತಿದೆ ಅಂತ ನಿನ್ನೆ ಹೇಳ್ತಿದ್ದ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾನೆ."

"ಮತ್ತೆ ಹೇಳ್ಬಿಟ್ಯಲ್ಲೇ!" ಎಂದ ಸೆಟ್ಟಪ್ಪ.

"ನಂದನ್ನಂತೂ ಹೇಳಿಲ್ಲವಲ್ಲ" ಎಂದು ಹೇಳಿ ಅವಳು ಮೆಟ್ಟಿಲು ಹತ್ತಿದಳು.

ಸಾಹೇಬರು ಲೋಟವನ್ನು ನೋಡಿದರು. ಈಗ ಅವರು ಇನ್‌ಸ್ಪೆಕ್ಟರೂ ಅಲ್ಲ, ಸದಸ್ಯರೂ ಅಲ್ಲ. ಎತ್ತಿಕೊಂಡು ಪೂರ್ತಿ ಕುಡಿದರು. ಆಮೇಲೆ ಚೀಟಿಯಲ್ಲಿ ಮುನ್ನೂರ ಎಂಟನ್ನು ಹೊಡೆದು ಮುನ್ನೂರ ಏಳು ಎಂದು ಬರೆದು, "ಹಿಂದಿನ ಬೀದಿಯಿಂದ ಶುರು ಮಾಡೋಣವಾ?" ಎಂದರು. ಸೆಟ್ಟಪ್ಪ ಮೇಣದ ದೀಪ ಆರಿಸಿ ಚಪ್ಪಲಿ ಹುಡುಕತೊಡಗಿದ.